ಬೂದಿಗುಂಡಿಯಲ್ಲಿದ್ದ ಸೇಬು

ಮಾದೇವಿ, ಆ ಸಂಜೆ ಆನೆ ಬಂದದ್ದು ನಿನ್ನ ಹಲಸಿಗಲ್ಲ. ನನ್ನ ಸೇಬಿಗೆ. ನಾಲ್ಕು ವರ್ಷದಿಂದ ಈ ಮಾತು ನನ್ನೊಳಗೇ ಕೂತಿದೆ. ಪಕ್ಕದ ಮನೆಯಲ್ಲಿ ನೀನು ಕುಂಟುತ್ತ ನಡೆಯುವ ಸದ್ದು ಕೇಳಿದಾಗಲೆಲ್ಲ ಗಂಟಲಿಗೆ ಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ.

ನಾನು ಚಾಮರಾಜನಗರ ಪೇಟೆಯಲ್ಲಿ ಬೆಳೆದವಳು. ಅರಣ್ಯ ಇಲಾಖೆಯ ಜೀಪು ಓಡಿಸುವವರನ್ನು ಮದುವೆಯಾಗಿ ಪುಣಜನೂರಿಗೆ ಬಂದಾಗ ಕಾಡಂಚಿನ ಬಾಳು ಹೇಗೆಂದು ಹೇಳಿಕೊಟ್ಟವಳು ನೀನೇ. ಹಲಸನ್ನು ಕಾಯಾಗಿದ್ದಾಗಲೇ ಇಳಿಸಬೇಕು, ಮರದಲ್ಲಿ ಹಣ್ಣಾಗಲು ಬಿಡಬಾರದು, ಆನೆ ಬರುತ್ತದೆ. ಬೆಲ್ಲ, ಹಣ್ಣಿನ ಸಿಪ್ಪೆ, ಉಳಿದ ಪಾಯಸ — ಯಾವುದನ್ನೂ ಹಿತ್ತಿಲಿಗೆ ಎಸೆಯಬಾರದು. ಡ್ರಮ್ಮಿಗೆ ಹಾಕಿ, ಮುಚ್ಚಿ, ಮೇಲೊಂದು ಕಲ್ಲಿಡಬೇಕು. "ಅದ್ರ ಮೂಗು ನಮ್ ಅಡ್ಗೆಮನೆ ಒಳ್ಗೇ ಇರ್ತದೆ ಕಣಕ್ಕ" ಎಂದು ನೀನು ಹೇಳಿದಾಗ ನಾನು ನಕ್ಕಿದ್ದೆ.

ಆ ಭಾನುವಾರ ಮೈಸೂರಿನಿಂದ ನನ್ನ ಅಕ್ಕ, ಭಾವ ಊಟಕ್ಕೆ ಬರುವವರಿದ್ದರು. ಅಕ್ಕ ಬಡಿಸಿದ ತಟ್ಟೆ ನೋಡಲು ಎಷ್ಟು ಚೆಂದ! ನನ್ನದೂ ಹಾಗಿರಲಿ ಎಂಬ ಹುಚ್ಚು ನನಗೆ. ಫೋನಿನಲ್ಲಿ ನೋಡಿದ್ದೆ: ಸೇಬನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು, ಬೆಲ್ಲದ ಪಾಕಕ್ಕೆ ಚಕ್ಕೆ, ಲವಂಗ, ನಿಂಬೆರಸ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ, ಪಲಾವಿನ ಸುತ್ತ ಜೋಡಿಸುವುದು. ತಿನ್ನುವುದಕ್ಕಿಂತ ನೋಡುವುದಕ್ಕೇ ಹೆಚ್ಚು. ಮೊದಲೊಮ್ಮೆ ಮಾಡಿ ನೋಡೋಣವೆಂದು ಶನಿವಾರವೇ ಒಲೆಯ ಮೇಲಿಟ್ಟೆ. ಅಷ್ಟರಲ್ಲಿ ಅಕ್ಕನ ಫೋನು ಬಂತು. ಮಾತು ಮುಗಿಸಿ ಬಂದು ನೋಡಿದರೆ ಸೇಬೆಲ್ಲ ಕರಗಿ ಗೊಜ್ಜಾಗಿತ್ತು.

ಡ್ರಮ್ಮಿಗೆ ಹಾಕಬಹುದಿತ್ತು. ಆದರೆ ಡ್ರಮ್ಮು ಖಾಲಿ ಮಾಡುವವರು ನನ್ನ ಗಂಡ. ಅಷ್ಟು ಸೇಬು ಹಾಳಾದದ್ದನ್ನು ಕಂಡರೆ ಅಕ್ಕನ ಮುಂದೆಯೇ ಆಡಿಕೊಂಡು ನಗುತ್ತಾರೆ ಎಂದು — ಇಷ್ಟೇ, ಇಷ್ಟು ಸಣ್ಣ ಕಾರಣ — ಪಾತ್ರೆಯನ್ನು ಹಿತ್ತಿಲ ಬೂದಿಗುಂಡಿಗೆ ಬಗ್ಗಿಸಿಬಿಟ್ಟೆ. ನಮ್ಮಿಬ್ಬರ ಹಿತ್ತಿಲುಗಳ ನಡುವೆ ಇದ್ದ ಗೋಡೆಯ ಬುಡದಲ್ಲೇ.

ಅಂದೇ ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯ ಕಿಟಕಿ ಹಾಕಲು ಹೋದೆ. ಹೊರಗೆ ಆಕಾಶವೇ ಕಾಣಲಿಲ್ಲ. ಆನೆ ಅಡ್ಡ ನಿಂತಿತ್ತು. ಅದರ ಸೊಂಡಿಲು ಬೂದಿಯೊಳಗೆ ಆಡುತ್ತಿತ್ತು. ಕಿಟಕಿಯ ಸರಳಿನವರೆಗೂ ಅದರ ಉಸಿರು ಬರುತ್ತಿತ್ತು, ಮಾದೇವಿ — ಆ ಉಸಿರಿನಲ್ಲಿ ನನ್ನ ಲವಂಗದ ವಾಸನೆಯಿತ್ತು. ಗೋಡೆಯಾಚೆ ನೀನು ಒಣಗಿದ ಬಟ್ಟೆ ತೆಗೆಯುತ್ತ ಏನೋ ಗುನುಗುತ್ತಿದ್ದೆ. ಕೂಗಬೇಕು, ಕೂಗಬೇಕು ಅಂದುಕೊಂಡೆ. ಕೂಗಲಿಲ್ಲ. ಅಲ್ಲೇ ಒಲೆಕಟ್ಟೆಯ ಕೆಳಗೆ ಮುದುಡಿಕೊಂಡೆ. ಗುಂಡಿಯ ತಳದಲ್ಲಿದ್ದದ್ದು ಎಟುಕಲೆಂದು ಅದು ಗೋಡೆಗೆ ಒರಗಿತು. ಗೋಡೆ ನಿನ್ನ ಮೇಲೆ ಬಿತ್ತು.

ಅದು ಭಯ. ಆದರೆ ಆಮೇಲೆ ಮಾಡಿದ್ದು — ಅದಕ್ಕೆ ಯಾವ ಹೆಸರು ಕೊಡಲಿ? ಜನ ತಮಟೆ ಬಡಿದು, ಪಟಾಕಿ ಹಚ್ಚಿ ಆನೆಯನ್ನು ಓಡಿಸಿ, ಇಟ್ಟಿಗೆ ಸರಿಸಿ ನಿನ್ನನ್ನು ಎತ್ತುತ್ತಿದ್ದಾಗ, ನಾನು ಹಂಡೆಯೊಲೆಯ ಬೂದಿ ತಂದು ತಂದು ಗುಂಡಿಗೆ ಸುರಿಯುತ್ತಿದ್ದೆ.

ಜೀಪಿಗೆ ಹತ್ತಿಸುವಾಗ ನೀನು ನನ್ನ ಕೈ ಹಿಡಿದುಕೊಂಡೆ. "ಅಕ್ಕ, ಏನೋ ಲವಂಗದ ವಾಸ್ನೆ ಬತ್ತಾದಲ್ಲಕ್ಕ?" ಎಂದು ಕೇಳಿದೆ. ನೋವಿಗೆ ಕನವರಿಸುತ್ತಿದ್ದಾಳೆ ಎಂದರು ಯಾರೋ. ನಾನು ಹೌದೆಂದು ತಲೆಯಾಡಿಸಿದೆ. ನನ್ನ ಕೈಯ ಬೂದಿ ನಿನ್ನ ಕೈಗೂ ಹತ್ತಿತ್ತು.

"ಒಂದಾದ್ರೂ ಹಣ್ಣು ಬುಟ್ಟಿರ್ತಾಳೆ ಕಣ್ಲಾ, ಇಲ್ದಿದ್ರೆ ಅದ್ಯಾಕ್ ಬತ್ತಿತ್ತು?" ಎಂದು ಊರೇ ಆಡಿಕೊಂಡಿತು. ನೀನು ಆಸ್ಪತ್ರೆಯಿಂದ ಬರುವ ಮೊದಲೇ ನಿನ್ನ ಹಿತ್ತಿಲ ಹಲಸಿನ ಮರ ಕಡಿದರು. ಹಗ್ಗ ಹಿಡಿದವರಲ್ಲಿ ನನ್ನ ಗಂಡನೂ ಇದ್ದರು, ಏನೂ ಗೊತ್ತಿಲ್ಲದೆ. ಉರುಳಿದ ಮರದ ಕೊಂಬೆಕೊಂಬೆಯನ್ನೂ ನಾನು ಹುಡುಕಿದೆ — ಒಂದೇ ಒಂದು ಹಣ್ಣು ಸಿಕ್ಕರೆ ಸಾಕು, ನಾನು ಬಚಾವಾಗುತ್ತೇನೆ ಎಂದು. ಎಳೆಗಾಯಿಯೂ ಇರಲಿಲ್ಲ. ಆನೆಯೇ ತಿಂದಿರಬೇಕು ಎಂದರು. ಇರಬೇಕು ಎಂದು ನಾನೂ ಅಂದೆ.

ಇವರ ಕೆಲಸಕ್ಕೆ ಕುತ್ತು ಬಂದೀತೆಂದು ಮೊದಲು ಹೆದರಿದೆ. ಆಮೇಲೆ ಊರಿಗೆ. ಆಮೇಲೆ ನಿನಗೆ. ಅಂದಿನಿಂದ ಮನೆಗೆ ಲವಂಗ ತಂದಿಲ್ಲ. ಬೇರೆ ಮನೆಯ ಒಗ್ಗರಣೆಯಲ್ಲಿ ಅದರ ಘಾಟು ಬಂದರೂ ಸಾಕು, ಮೊದಲು ಕಿಟಕಿ ನೋಡುತ್ತೇನೆ.

ಇವರಿಗೆ ಗುಂಡ್ಲುಪೇಟೆಗೆ ವರ್ಗವಾಗಿದೆ. ನಾಳೆ ನಾವು ಹೊರಡಬೇಕು. ಇಂದು ಬೆಳಿಗ್ಗೆ ಪಾತ್ರೆ ಕಟ್ಟಿಕೊಡಲು ಬಂದವಳು ಬಾಗಿಲಲ್ಲೇ ನಿಂತು ಹೇಳಿದೆಯಲ್ಲ — "ನನ್ ದೆಸೆಯಿಂದ ನಿಮ್ ಗ್ವಾಡೆನೂ ಬಿತ್ತು. ಎಲ್ಲೋ ಒಂದು ಹಣ್ಣು ನನ್ ಕಣ್ಗೆ ಬೀಳ್ದೆ ಉಳ್ಕಬುಟ್ಟಿತ್ತೇನೋ. ಒಂದಿನಾನೂ ನೀವು ನನ್ನ ಬೈನಿಲ್ಲ ಕಣಕ್ಕ."

ನಾನೇನೆಂದೆ ಗೊತ್ತಲ್ಲ? "ಹೋಗ್ಲಿ ಬುಡು ಮಾದೇವಿ" ಎಂದೆ. ನಾನು ನಿನ್ನನ್ನು ಕ್ಷಮಿಸಿಬಿಟ್ಟೆ!

ನೀನು ಹೋದಮೇಲೆ ಅಂಗಡಿಗೆ ಹೋಗಿ ಎರಡು ಸೇಬು, ಒಂದಿಷ್ಟು ಲವಂಗ ತಂದೆ. ಈಗ ಅವು ಪಾಕದಲ್ಲಿ ಬೇಯುತ್ತಿವೆ. ಸಿಪ್ಪೆಯನ್ನು ಡ್ರಮ್ಮಿಗೆ ಹಾಕಿ ಕಲ್ಲಿಟ್ಟಿದ್ದೇನೆ. ಹೊರಗೆ ಸುಡುವ ಬಿಸಿಲು, ಆದರೂ ಕಿಟಕಿಗಳನ್ನೆಲ್ಲ ಹಾಕಿದ್ದೇನೆ. ನಿನ್ನೆದುರು ಮಾತು ತಡವರಿಸೀತೆಂದು ಇಷ್ಟನ್ನೂ ಬರೆದುಕೊಳ್ಳುತ್ತಿದ್ದೇನೆ. ಈ ಸಲ ಬಿಲ್ಲೆಗಳು ಕರಗಿಲ್ಲ. ಬಟ್ಟಲಿಗೆ ಹಾಕಿಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ. ವಾಸನೆ ಬಂದ ಕೂಡಲೇ ನಿನಗೆ ಎಲ್ಲ ತಿಳಿದೀತು. ಆದರೂ ನನ್ನ ಬಾಯಿಂದಲೇ ಹೇಳಬೇಕು — ಮೊದಲು ನಿನಗೆ, ಆಮೇಲೆ ಊರಿಗೆ. ನೀನು ಬಾಗಿಲು ಹಾಕಿಕೊಂಡರೆ, ಹೊರಗೆ ನಿಂತು ಹೇಳುತ್ತೇನೆ.