ಮದ್ದಿನ ಕೂದಲು ಸುಟ್ಟ ಬೆಳಿಗ್ಗೆ

ಮದ್ದು, ಮಾಟ ಎಂದರೆ ನನಗೆ ನಗು ಬರುತ್ತಿತ್ತು. ದಂಡು ಪ್ರದೇಶದ ಆಸ್ಪತ್ರೆಯೊಂದರಲ್ಲಿ ಡ್ರೆಸ್ಸರ್ ಆಗಿದ್ದವನು ನಾನು. ದಿನವೂ ಹುಣ್ಣು, ಕೀವು ತೊಳೆಯುವವನಿಗೆ ಅಂಥ ಭಯವೆಲ್ಲಿಂದ ಬರಬೇಕು? ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ಯೋಚಿಸಿ.

ಯುದ್ಧದ ಕಾಲ. ಅಕ್ಕನನ್ನು ಮಹದೇವಪುರಕ್ಕೆ ಕೊಟ್ಟಿದ್ದರು. ಅವಳ ಒಬ್ಬಳೇ ಮಗಳು ಪುಟ್ಟಿಗೆ ಹತ್ತು ವರ್ಷ. ಕೈಕಾಲು ಕಡ್ಡಿಯಾಗಿದ್ದ ಹುಡುಗಿಯ ಹೊಟ್ಟೆ ಮಾತ್ರ ಊದುತ್ತಾ ಬಂತು. ಒಂದೇ ಮನೆಯಲ್ಲಿದ್ದ ಅಕ್ಕನ ಓರಗಿತ್ತಿ ತಾಯಮ್ಮ ಬಾವಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ, "ಇದ್ಯಾವ ಪಾಪದ ಹೊಟ್ಟೆನೋ, ನಮ್ ಮನೆ ಮರ್ಯಾದೆ ಹೋಯ್ತು" ಎಂದಳಂತೆ. ಅಂದಿನಿಂದ ಆ ಮಗು ಹೊಸಿಲು ದಾಟಲಿಲ್ಲ. ಅಕ್ಕ ಹೇಳುತ್ತಿದ್ದುದೇ ಬೇರೆ: "ಮಕ್ಕಳಿಲ್ದ ಹೊಟ್ಟೆಕಿಚ್ಚಿಗೆ ಅವ್ಳೇ ಕಡುಬಲ್ಲಿ ಮದ್ದು ಹಾಕವ್ಳೆ ಕಣೋ." ತಿನ್ನುವುದರಲ್ಲಿ ಕಲಸಿ ಹಾಕಿದ ಮದ್ದು ಹೊಟ್ಟೆಯಲ್ಲಿ ಬೇರು ಬಿಟ್ಟು ಕೂದಲು ಬೆಳೆಸುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಮದ್ದು ಕಕ್ಕಿಸುವವನೊಬ್ಬ ಮೂರು ಸಲ ಕಷಾಯ ಕುಡಿಸಿ ಮಗುವನ್ನು ಹೈರಾಣ ಮಾಡಿದ. ಕೊನೆಗೆ ನಾನೇ ಜಟಕಾ ಮಾಡಿಕೊಂಡು ಆಸ್ಪತ್ರೆಗೆ ತಂದೆ.

ಆಪರೇಷನ್ನಿನಲ್ಲಿ ಸಿಕ್ಕಿದ್ದು ತೆಂಗಿನಕಾಯಿ ಗಾತ್ರದ ಗಡ್ಡೆ. ಕೊಯ್ದು ನೋಡಿದರೆ ಒಳಗೆ ಉದ್ದನೆಯ ಕೂದಲ ಉಂಡೆ, ಎರಡು ಹಲ್ಲು. "ಮದ್ದು!" ಎಂದುಬಿಟ್ಟೆ. ಆಪರೇಷನ್ ಮಾಡಿದ ಡಾಕ್ಟರಮ್ಮ ನಕ್ಕರು: "ಯಾರೂ ಹಾಕಿದ್ದಲ್ಲಪ್ಪ ಇದು. ಹುಟ್ಟುವಾಗಲೇ ಅಂಡಾಶಯದಲ್ಲಿ ಇರುತ್ತೆ, ಒಳಗೇ ಕೂದಲು, ಹಲ್ಲು ಬೆಳೆಯುತ್ತೆ. ಕೆಟ್ಟ ಗಡ್ಡೆ ಅಲ್ಲ. ಮಗು ಚೆನ್ನಾಗಿರ್ತಾಳೆ." ಅವರ ಮಾತನ್ನು ನಾನು ಪೂರ್ತಿ ನಂಬಿದೆ.

ನಂಬಿಯೂ ಆ ಕೂದಲನ್ನು ತೊಳೆದು ಕಾಗದದಲ್ಲಿ ಕಟ್ಟಿಟ್ಟುಕೊಂಡೆ. ತಾಯಮ್ಮನನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮದ್ದಿನ ಕೂದಲನ್ನು ಉಪ್ಪು, ಮೆಣಸಿನಕಾಯಿ ಜೊತೆ ಸುಟ್ಟರೆ ಹಾಕಿದವರ ಹೊಟ್ಟೆ ಉರಿಯುತ್ತದೆ ಎಂದು ಅಕ್ಕ ಹೇಳಿದ್ದಳು. ಉರಿಯದಿದ್ದರೂ ಸರಿ, ಊರವರ ಮುಂದೆ ಅವಳು ನಡುಗುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಮಗು ತಲೆ ತಗ್ಗಿಸಿತಲ್ಲ, ಅವಳೂ ತಗ್ಗಿಸಲಿ. ಇದು ಸಣ್ಣತನ ಎಂದು ಗೊತ್ತಿತ್ತು, ಆದರೂ ಮಹದೇವಪುರಕ್ಕೆ ಹೋದೆ.

ಪುಟ್ಟಿ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಕೆಂಡ ಹಾಕಿಸಿದೆ. ಬಾವಿಕಟ್ಟೆಯಲ್ಲಿ ಆ ಮಾತು ಕೇಳಿದ್ದ ಹೆಂಗಸರನ್ನೆಲ್ಲ ಅಕ್ಕ ಕರೆದಿದ್ದಳು. ತಾಯಮ್ಮನನ್ನು ಎದುರಿಗೇ ನಿಲ್ಲಿಸಿದೆವು. ಮೊಮ್ಮಗಳ ಆರೈಕೆಗೆಂದು ಹಲಸೂರಿನಿಂದ ಬಂದಿದ್ದ ನಮ್ಮಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬೇಡವೆಂದಾಳೆಂದು ಅವಳಿಗೆ ಏನೂ ಹೇಳಿರಲಿಲ್ಲ.

"ಹಾಕ್ದೋರ್ ಹೊಟ್ಟೆಗೇ ಹೋಗು" ಎಂದು ಅಕ್ಕ ಉಪ್ಪು, ಮೆಣಸಿನಕಾಯಿ ಸಮೇತ ಕೂದಲನ್ನು ಕೆಂಡಕ್ಕೆ ಎಸೆದಳು. ನಾನು ತಾಯಮ್ಮನ ಮುಖವನ್ನೇ ನೋಡುತ್ತಿದ್ದೆ. ಅವಳು ಅಳುತ್ತಿದ್ದಳು, ಅಷ್ಟೇ. "ಬಾಯ್ ತಪ್ಪಿ ಆಡ್ಬಿಟ್ಟೆ ಕಣಪ್ಪ. ಕಡುಬಿಗೆ ಏನೂ ಹಾಕಿಲ್ಲ" ಎಂದಳು.

ಆಗ ಹಿತ್ತಲಿನಿಂದ ಕೂಗು ಕೇಳಿತು. ಓಡಿದೆ. ಅಮ್ಮ ಒಗೆಯುವ ಕಲ್ಲಿನ ಪಕ್ಕ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದಳು. "ಹೊಟ್ಟೆ ಉರೀತದೆ, ಬೆಂಕಿ ಆರ್ಸ್ರೋ, ಬೆಂಕಿ ಆರ್ಸ್ರೋ!" ಅಂಗಳದ ಕೆಂಡ ಅಲ್ಲಿಗೆ ಕಾಣುವಂತೆಯೇ ಇರಲಿಲ್ಲ. ತಿರುಗಿ ಓಡಿ ಬಂದು ಒಂದು ಕೊಡ ನೀರನ್ನು ಕೆಂಡದ ಮೇಲೆ ಸುರಿದೆ. ಬೆಂಕಿ ಆರಿತು. ಹಿತ್ತಲಿನ ಕೂಗೂ ನಿಂತಿತು. ಹೋಗಿ ನೋಡಿದರೆ ಅಮ್ಮ ಎದ್ದು ಕೂತು ಕುಡಿಯಲು ನೀರು ಕೇಳಿದಳು.

ಅಕ್ಕ ಅವಳನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ. ಪುಟ್ಟಿಯನ್ನು ಐದು ವರ್ಷದವರೆಗೆ ಹಲಸೂರಿನಲ್ಲಿಟ್ಟುಕೊಂಡು ತುತ್ತು ಮಾಡಿ ಉಣಿಸಿದವಳು ಅಮ್ಮನೇ. ಅಂದು ಮಧ್ಯಾಹ್ನ ಅಮ್ಮ ತಟ್ಟೆ ಹಿಡಿದು ಬಂದಾಗ ಅಕ್ಕ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು. ಅಮ್ಮ ತಟ್ಟೆ ಕೆಳಗಿಟ್ಟು ಹಲಸೂರಿಗೆ ಹೊರಟುಬಿಟ್ಟಳು.

ಮುಂದಿನ ವಾರ ಡಾಕ್ಟರಮ್ಮ ಅಮ್ಮನನ್ನು ಪರೀಕ್ಷಿಸಿ ಏನೂ ಇಲ್ಲ ಎಂದರು. ಆ ನೋವು ಮತ್ತೆಂದೂ ಬರಲಿಲ್ಲ. ಪುಟ್ಟಿಯ ಗಡ್ಡೆ ಹುಟ್ಟಿನಿಂದ ಬಂದದ್ದು. ಇವತ್ತಿಗೂ ನಾನು ಹಾಗೆಂದೇ ವಾದಿಸುತ್ತೇನೆ. ಹಾಗಾದರೆ ಅಮ್ಮ ಅದೇ ಗಳಿಗೆಯಲ್ಲಿ ಕೂಗಿದ್ದೇಕೆ? ಬೆಂಕಿ ಎಂದದ್ದೇಕೆ? ಅವಳು ಸಾಯುವವರೆಗೂ ಕೇಳುವ ಧೈರ್ಯ ನನಗೆ ಬರಲಿಲ್ಲ.

ಒಂದು ಸಂಗತಿಯನ್ನು ಮಾತ್ರ ಮುಚ್ಚಿಡಲಾರೆ. ಎರಡು ವರ್ಷದ ಮೇಲೆ ನನಗೂ ಮಗಳು ಹುಟ್ಟಿ, ಅನ್ನ ಉಣ್ಣುವಂತಾದಳು. ಅಮ್ಮ ಬಟ್ಟಲಲ್ಲಿ ಅನ್ನ ಕಲಸಿಕೊಂಡು ಬಂದು, ಮಗುವನ್ನು ಕೊಡು ಎಂದು ಕೈಚಾಚಿದಳು. ನಾನು ಅವಳ ಮುಖ ನೋಡದೆ, "ಈಗ ತಾನೇ ಹಾಲು ಕುಡಿದವ್ಳೆ, ಬೇಡಮ್ಮ" ಎಂದೆ. ಅವಳು ಮತ್ತೆ ಯಾವತ್ತೂ ಕೇಳಲಿಲ್ಲ.