ಸಹಿ ಇಲ್ಲದೆ ಮುಟ್ಟಲ್ಲ ಸಾರ್

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಲ್ಯಾಪ್‌ಟಾಪಿನ ಅಂಚಿನಲ್ಲಿ ಒಂದು ಪುಟ್ಟ ಬಿಳಿ ದೀಪ ಉರಿಯುತ್ತಿತ್ತು. ಮುಖ್ಯ ಕಚೇರಿಯವರು ಅದರಿಂದ ನನ್ನನ್ನೇ ನೋಡುತ್ತಿದ್ದಾರೆ ಎಂದು ನಂಬಿದ್ದೆ. ಮೂರು ತಿಂಗಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಆಕಳಿಕೆ ಬಂದರೆ ಪೆನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಹೋಗಿ ಆಕಳಿಸಿ ಬರುತ್ತಿದ್ದೆ. ಬೆಳಿಗ್ಗೆ ಬಂದ ಕೂಡಲೇ ಅದಕ್ಕೊಂದು ನಮಸ್ಕಾರ ಬೇರೆ.

ಒಂದು ದಿನ ರಿಪೇರಿ ಅಕ್ಕ ಹಿಂದೆಯೇ ನಿಂತಿದ್ದರು. "ಯಾರಿಗೋ ಅದು ಕೈ ಮುಗಿದಿದ್ದು?"

ಹೇಳಿದೆ.

"ಅದು ಚಾರ್ಜಿಂಗ್ ದೀಪ ಕಣೋ ಮಹಾರಾಯ! ನಿನ್ನ ಮುಖ ನೋಡ್ತಾ ಕೂರೋಕೆ ಅವರಿಗೇನು ಬೇರೆ ಕೆಲಸ ಇಲ್ವಾ?"

ಅಕ್ಕ ನಮ್ಮ ಕಚೇರಿಯ ಕಂಪ್ಯೂಟರುಗಳನ್ನು ಹನ್ನೆರಡು ವರ್ಷದಿಂದ ರಿಪೇರಿ ಮಾಡುತ್ತಿದ್ದಾರೆ. ಮೆಟ್ಟಿಲ ಕೆಳಗಿನ ಕೋಣೆ ಅವರದು. ಕೆಟ್ಟ ಮಾನಿಟರುಗಳ ರಾಶಿಯಿಂದಾಗಿ ಅದರ ಬಾಗಿಲು ಅರ್ಧವಷ್ಟೇ ತೆರೆಯುತ್ತದೆ. ತುರುಬಿನಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಕಿಸಿದ ಒಂದು ಹಾಳೆ.

ಆ ಹಾಳೆಗೊಂದು ಕಥೆಯಿದೆ. ಎರಡು ವರ್ಷದ ಹಿಂದೆ ನಮ್ಮ ಮುದುಕ ಟೈಪಿಸ್ಟರು ದೂರದಲ್ಲಿದ್ದ ಮಗಳ ಹಸುಗೂಸನ್ನು ಊಟದ ಬಿಡುವಿನಲ್ಲಿ ಕಚೇರಿಯ ಕಂಪ್ಯೂಟರಿನಿಂದ ವಿಡಿಯೋದಲ್ಲಿ ಮಾತಾಡಿಸಬೇಕಿತ್ತು. ಕ್ಯಾಮೆರಾ ಕೈಕೊಟ್ಟಿತು. ಅಕ್ಕ ಕೈಯಲ್ಲಿದ್ದ ತುತ್ತು ಬಿಟ್ಟು ಹೋಗಿ ಸರಿ ಮಾಡಿದರು. ಅರ್ಜಿಯಿಲ್ಲದೆ ಯಂತ್ರ ಮುಟ್ಟಿದ್ದಕ್ಕೆ ಮ್ಯಾನೇಜರ್ ಸಾಹೇಬರು ಆ ಹಾಳೆಯಲ್ಲಿ ಹೊಸ ನಿಯಮ ಬರೆದು, ತುಂಬಿದ ಸಭೆಯಲ್ಲಿ ಅಕ್ಕನನ್ನು ನಿಲ್ಲಿಸಿ ಓದಿಸಿದರು. "ಜೋರಾಗಿ ಓದಿ, ಹಿಂದಿನವರಿಗೂ ಕೇಳಲಿ." ಮೂರು ಸಲ. ಎಲ್ಲರೂ ನಕ್ಕರು. ಮೊದಲು ನಕ್ಕವನು ನಾನೇ; ಸಾಹೇಬರು ನನ್ನ ಕಡೆಯೇ ನೋಡುತ್ತಿದ್ದರು. ಆ ವರ್ಷ ಅಕ್ಕನಿಗೆ ಬರಬೇಕಿದ್ದ ಬಡ್ತಿಯೂ ನಿಂತುಹೋಯಿತು.

ಮೊನ್ನೆ ಸಾಹೇಬರ ಸರದಿ ಬಂತು. ಮುಖ್ಯ ಕಚೇರಿಯ ದೊಡ್ಡ ಹುದ್ದೆಗೆ ಹನ್ನೊಂದು ಗಂಟೆಗೆ ವಿಡಿಯೋ ಸಂದರ್ಶನ. ಹತ್ತೂ ಮುಕ್ಕಾಲಿಗೆ ನೋಡಿದರೆ ಅವರ ಮುಖವಿರಬೇಕಾದಲ್ಲಿ ಕಪ್ಪು ಚೌಕ. ಫೈಲು ಹಿಡಿದು ನಿಂತಿದ್ದ ನನಗೆ, "ಏನಾದ್ರೂ ಮಾಡಪ್ಪಾ!" ಎಂದರು. ನನಗೆ ಗೊತ್ತಿದ್ದ ಚಿಕಿತ್ಸೆ ಒಂದೇ, ಲ್ಯಾಪ್‌ಟಾಪಿನ ಬೆನ್ನು ತಟ್ಟುವುದು. ತಟ್ಟಿದೆ. ಆಮೇಲೆ ಓಡಿಹೋಗಿ ಅಕ್ಕನನ್ನು ಕರೆತಂದೆ.

ಅಕ್ಕ ಬಾಗಿಲಲ್ಲೇ ನಿಂತು ಪರದೆಯತ್ತ ಒಮ್ಮೆ ನೋಡಿದರು. "ಅರ್ಜಿ ಎಲ್ಲಿ ಸಾರ್?"

"ಅರ್ಜಿನಾ? ನಾನೇ ಹೇಳ್ತಿದೀನಲ್ಲ!"

"ಬರವಣಿಗೇಲಿ ಬೇಕು. ಅದಕ್ಕೆ ಇನ್ನೊಂದು ವಿಭಾಗದ ಮುಖ್ಯಸ್ಥರ ಸಹಿನೂ ಬೇಕು. ನೀವೇ ಬರೆದಿದ್ದು. ನಂಗೆ ಬಾಯಿಪಾಠ."

"ತಮಾಷೆ ಮಾಡೋ ಹೊತ್ತೇನಮ್ಮಾ ಇದು?"

"ತಮಾಷೆ ಅವತ್ತೇ ಆಯ್ತಲ್ಲ ಸಾರ್. ಸಹಿ ಇಲ್ಲದೆ ಮುಟ್ಟಲ್ಲ."

ಸಾಹೇಬರು ಅರ್ಜಿ ಗೀಚಿಕೊಂಡು ಓಡಿದರು. ಪಕ್ಕದ ವಿಭಾಗದವರು ರಜೆ. ನಾಲ್ಕನೇ ಮಹಡಿಯವರು ಸಭೆಯಲ್ಲಿ. ಲಿಫ್ಟ್ ಎಲ್ಲೋ ಮೇಲೆ ಸಿಕ್ಕಿಕೊಂಡಿತ್ತು. ಅಷ್ಟೂ ಹೊತ್ತು ಅಕ್ಕ ಕೈಕಟ್ಟಿ ನಿಂತೇ ಇದ್ದರು. ಕೂತುಕೊಳ್ಳಿ ಎಂದರೆ, "ಬೇಡಪ್ಪ, ನಿಂತು ಅಭ್ಯಾಸ ಇದೆ," ಎಂದರು.

ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಸಹಿ ಬಂತು. ಅಕ್ಕ ಅದನ್ನು ಸಾವಕಾಶವಾಗಿ ಓದಿದರು, ತಾರೀಕು ಸರಿಯಿದೆಯೇ ನೋಡಿದರು, ಮಡಚಿ ಜೇಬಿಗಿಟ್ಟರು. ಆಮೇಲೆ ಪರದೆಯ ತಳದಲ್ಲಿ ತೆರೆದೇ ಇದ್ದ ಒಂದು ವಿಂಡೋವನ್ನು ಮುಚ್ಚಿದರು. ಕಪ್ಪು ಚೌಕದಲ್ಲಿ ಸಾಹೇಬರು ಮೂಡಿದರು, ಬೆವರಿನಲ್ಲಿ ತೊಯ್ದು, ಏದುಸಿರು ಬಿಡುತ್ತಾ, ಟೈ ಹೆಗಲ ಮೇಲೆ. ಆಗಿದ್ದಿಷ್ಟೇ: ಬೆಳಿಗ್ಗೆ ಟೈ ಸರಿಪಡಿಸಿಕೊಳ್ಳಲೆಂದು ಅವರು ಆ ವಿಂಡೋದಲ್ಲಿ ಕ್ಯಾಮೆರಾ ತೆರೆದು ಮುಖ ನೋಡಿಕೊಂಡಿದ್ದರು. ಅದನ್ನು ಮುಚ್ಚಲು ಮರೆತಿದ್ದರಿಂದ ಸಂದರ್ಶನಕ್ಕೆ ಕ್ಯಾಮೆರಾ ಸಿಕ್ಕಿರಲಿಲ್ಲ.

"ನಿಮ್ಮ ಸಮಯ ಮುಗಿದಿದೆ," ಎಂದಿತು ಆಚೆಯ ದನಿ.

ಹುದ್ದೆ ಇನ್ಯಾರದೋ ಪಾಲಾಯಿತು. ಅಕ್ಕನೇ ಏನೋ ಕೈಚಳಕ ತೋರಿಸಿದ್ದಾರೆ ಎಂದು ಕಚೇರಿಯಿಡೀ ಗುಸುಗುಸು. ತಡೆಯಲಾರದೆ ನಾನು ಆ ಅರ್ಧ ಬಾಗಿಲಲ್ಲಿ ತೂರಿಕೊಂಡೆ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಅವರ ಕ್ಯಾಮೆರಾ ಕೆಡಿಸಿದ್ದು ನೀವೇನಾ?"

ಅಕ್ಕ ತಲೆ ಎತ್ತಲಿಲ್ಲ. "ಇಲ್ಲ. ಹೊಳೀಲಿಲ್ಲ. ಹೊಳೆದಿದ್ರೆ ಎರಡು ವರ್ಷದ ಹಿಂದೇನೇ ಕೆಡಿಸ್ತಿದ್ದೆ."