ಇನ್ನೂರು ಮುದ್ದೆ ಕಟ್ಟಿ, ಒಂದಕ್ಕೆ ಕಾದವರು

ಬೆಳಗಿನ ಐದೂವರೆ. ಚಳ್ಳಕೆರೆಯ ಶೇಂಗಾ ಮಂಡಿ ಬದಿಯ ಊಟದ ಹೋಟೆಲಿನ ಹಿಂಭಾಗದಲ್ಲಿ ಎಸರು ಕೊತಕೊತ ಮರಳುತ್ತಿದೆ. ಐವತ್ತೆರಡರ ಕಾಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾತ್ರೆ ಅಲುಗದಂತೆ ಕಾಲಲ್ಲಿ ಒತ್ತಿ ಹಿಡಿದು, ಕೋಲು ಹಾಕಿ ರಾಗಿ ಹಿಟ್ಟು ತಿರುವುತ್ತಾರೆ. ಏಳು ಗಂಟೆಗೆ ಹಮಾಲಿಗಳು ಬರುತ್ತಾರೆ. ಉಪ್ಪಿಟ್ಟು ತಿಂದು ಮೂಟೆ ಎತ್ತಲಾಗದು ಎನ್ನುವವರು ಅವರು. ಮುದ್ದೆಯಲ್ಲಿ ಒಂದು ಗಂಟು ಸಿಕ್ಕರೂ ಸಾಕು, ಮಂಡಿಗೆಲ್ಲ ಡಂಗುರ ಸಾರುತ್ತಾರೆ. ಹದಿನೆಂಟು ವರ್ಷಗಳಲ್ಲಿ ಅವರಿಗೆ ಆ ಭಾಗ್ಯ ಸಿಕ್ಕಿದ್ದು ಕಡಿಮೆ.

ದಿನಕ್ಕೆ ಇನ್ನೂರು ಮುದ್ದೆ. ಕೈ ತಣ್ಣೀರಿಗೆ ಅದ್ದಿ, ಹಬೆಯಾಡುವ ಹಿಟ್ಟನ್ನು ಉರುಳಿಸಿದರೆ ಎಲ್ಲವೂ ಒಂದೇ ತೂಕ. ಇಷ್ಟನ್ನೂ ಕಟ್ಟುವ ಈ ತಾಯಿಗೆ ಎರಡು ವರ್ಷ ಒಂದು ಮುದ್ದೆಯನ್ನೂ ಉಣ್ಣಲಾಗಲಿಲ್ಲ ಎಂದರೆ ಯಾರ ಹೊಟ್ಟೆಯಾದರೂ ಚುರುಕ್ ಎನ್ನದೇ?

ಕೊಂಡ್ಲಹಳ್ಳಿಯ ತವರಿನಿಂದ ಮದುವೆಯಾಗಿ ಬಂದಾಗಲೇ ಎಲೆ ಅಡಿಕೆ ಜೊತೆ ಹೊಗೆಸೊಪ್ಪೂ ಬಂದಿತ್ತು. ಎಡಗೆನ್ನೆಯೊಳಗೆ ಹುಣ್ಣಾಯಿತು. ಸುಣ್ಣ ಸುಟ್ಟಿರಬೇಕೆಂದು ಐದು ತಿಂಗಳು ಸುಮ್ಮನಿದ್ದರು. ಅದು ಕ್ಯಾನ್ಸರ್ ಆಗಿತ್ತು. ಆಮೇಲೆ ದೊಡ್ಡಾಸ್ಪತ್ರೆ, ಆಪರೇಷನ್ನು, ಮೂವತ್ತು ದಿನ ‘ಕರೆಂಟು’, ಅಂದರೆ ರೇಡಿಯೇಷನ್. ಮೂಗಿನಲ್ಲಿ ನಳಿಕೆ ಇಟ್ಟು ನಾಲ್ಕು ತಿಂಗಳು ಅದರಲ್ಲೇ ಗಂಜಿ.

ನಳಿಕೆ ತೆಗೆಸಿಕೊಂಡು ಮನೆಗೆ ಬಂದ ದಿನವೇ ಒಂದು ಎಡವಟ್ಟಾಯಿತು. ಮೆತ್ತಗಿರುವುದನ್ನು ಕೊಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಮುದ್ದೆಗಿಂತ ಮೆತ್ತಗಿನದು ಯಾವುದು? ಅಗಿಯುವ ಕೆಲಸವೇ ಇಲ್ಲ, ನುಂಗಿದರಾಯಿತು! ಬಂಧುಬಳಗವೆಲ್ಲ ಒಂದೇ ಮಾತಾಡಿತು. ಕಾಟಮ್ಮ ದೊಡ್ಡ ತುತ್ತನ್ನೇ ಬಾಯಿಗಿಟ್ಟರು.

“ಬಾಯಾಗೆ ಎಂಜಲೇ ಊರ್ತಿರ್ಲಿಲ್ಲ ಕಣ್ರಿ. ಕರೆಂಟು ಎಲ್ಲಾ ಒಣಗಿಸಿತ್ತು. ತುತ್ತು ಗಂಟಲಾಗೆ ಕುಂತ್ಕಂತು. ಮ್ಯಾಕೂ ಇಲ್ಲ, ಕೆಳಕ್ಕೂ ಇಲ್ಲ. ಇವ್ಳು ಇಲ್ದಿದ್ರೆ ಅವತ್ತೇ ಹೋಗ್ತಿದ್ದೆ.”

‘ಇವಳು’ ಎಂದರೆ ಚಿಕ್ಕಕ್ಕ. ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಅರವತ್ತರ ಹೆಂಗಸು. ಅವತ್ತು ನೋಡಲು ಬಂದಿದ್ದ ಅವರೇ ಬೆನ್ನಿಗೆ ಗುದ್ದಿ ಗುದ್ದಿ ತುತ್ತು ಹೊರಗೆ ಹಾಕಿಸಿದರು. ಜೀವ ಉಳಿಯಿತು, ಧೈರ್ಯ ಹೋಯಿತು. ಕಾಟಮ್ಮ ನೀರಿಗೂ ಹೆದರತೊಡಗಿದರು. ತೂಕ ಮೂವತ್ತೆಂಟು ಕಿಲೋಗೆ ಇಳಿಯಿತು. ಹೀಗೇ ಆದರೆ ಮತ್ತೆ ನಳಿಕೆಯೇ ಗತಿ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸುವ ಮೇಡಂ ಒಬ್ಬರಿದ್ದರು. ಗದ್ದ ಎದೆಗೆ ತಾಗಿಸು, ಉಸಿರು ಹಿಡಿ, ನುಂಗು, ಬಾಯಿ ಖಾಲಿಯಾದ ಮೇಲೂ ಇನ್ನೊಮ್ಮೆ ನುಂಗು. ಬಾಯಿ ಅಗಲವಾಗಲು ಹಲ್ಲಿನ ನಡುವೆ ಐಸ್‌ಕ್ರೀಂ ಕಡ್ಡಿ ಜೋಡಿಸು. ಮೊದಲ ದಿನ ಎಂಟು ಕಡ್ಡಿ ಹಿಡಿಸಿದವು, ಈಗ ಹದಿನೇಳು. ಪಾಠ ಮೇಡಂದು. ದಿನಾ ಪಕ್ಕದಲ್ಲಿ ಕೂತು ಅದನ್ನು ಮಾಡಿಸಿದ್ದು ಮಾತ್ರ ಚಿಕ್ಕಕ್ಕ.

ಕಾಟಮ್ಮ ಮತ್ತೆ ಕೆಲಸಕ್ಕೆ ಬರತೊಡಗಿದಾಗ, ಮಧ್ಯಾಹ್ನ ಮೂರೂವರೆಗೆ ಗಿರಾಕಿಗಳು ಖಾಲಿಯಾದ ಮೇಲೆ ಹೋಟೆಲಿನ ಹಿಂದೆ ಇಬ್ಬರ ಊಟ. ಕಾಟಮ್ಮ ಒಂದು ಚಮಚ ಗಂಜಿ ನುಂಗಿದರೆ ಚಿಕ್ಕಕ್ಕ ಒಂದು ತುತ್ತು. ಅವರು ನುಂಗುವವರೆಗೆ ಇವರೂ ಕೈ ಕಟ್ಟಿ ಕೂರುವುದು. ಹೀಗೆ ಒಂದೂವರೆ ಗಂಟೆ. ತೊಳೆಯದ ಪಾತ್ರೆ ಬೆಟ್ಟದಷ್ಟು ಬಿದ್ದಿದ್ದರೂ ಮಾಲೀಕ ಬೊಮ್ಮಲಿಂಗಪ್ಪ ಒಂದು ದಿನವೂ ಗೊಣಗಲಿಲ್ಲ. ಕಾಟಮ್ಮನ ಜಾಗಕ್ಕೆ ಬೇರೆಯವರನ್ನು ಕಾಯಂ ಆಗಿ ತರಲೂ ಇಲ್ಲ.

ಗಂಜಿ ಗಟ್ಟಿಯಾಯಿತು. ಕಿವುಚಿದ ಅನ್ನಕ್ಕೆ ಬಂತು. ಮೇಡಂ ನುಂಗಿಸಿ ನೋಡಿ, ಚಿಕ್ಕ ಚಿಕ್ಕದಾಗಿ ಮುದ್ದೆಯನ್ನೂ ಶುರುಮಾಡು ಎಂದರು. ಆಗ ಹೊಸ ಪೇಚು. ಕಾಟಮ್ಮನ ನಿಧಾನಕ್ಕೆ ಮೂರನೇ ತುತ್ತಿಗೇ ಮುದ್ದೆ ಆರಿ ಬಿರುಸಾಗುತ್ತಿತ್ತು. ಬಿರುಸಾದದ್ದು ಗಂಟಲಿಗಿಳಿಯದು.

“ಹಲ್ಲಿದ್ದೋರಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದೋರಿಗೆ ಹಲ್ಲಿಲ್ಲ ಅಂಬ್ತಾರಲ್ಲ, ನೀನೇ ಅದು ಕಾಟವ್ವ” ಎಂದು ಚಿಕ್ಕಕ್ಕ ನಕ್ಕರು. ಮರುದಿನ ಮನೆಯಿಂದ ಹಿತ್ತಾಳೆ ಡಬ್ಬಿ ತಂದರು. ಒಂದು ಮುದ್ದೆಯನ್ನು ನೆಲ್ಲಿಕಾಯಿ ಗಾತ್ರದ ಹನ್ನೆರಡು ಉಂಡೆ ಮಾಡಿ, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬಿಸಿನೀರಲ್ಲಿ ಇಳಿಸಿದರು. ಒಂದೊಂದನ್ನೇ ತೆಗೆದು, ಖಾರ ಹಾಕದ ಬೇಳೆಕಟ್ಟಿನಲ್ಲಿ ಹೊರಳಿಸಿ ತಟ್ಟೆಗಿಟ್ಟರು. ಕೊನೆಯ ಉಂಡೆಯೂ ಮೊದಲಿನದರಷ್ಟೇ ಮೆತ್ತಗೆ. ಅಕ್ಷರ ಬಾರದ ಈ ಹೆಂಗಸಿಗೆ ಯಾವ ಡಿಗ್ರಿ ಕೊಟ್ಟರೂ ಕಡಿಮೆಯೇ.

ಮೊದಲ ದಿನ ಎರಡು ಉಂಡೆ. ತಿಂಗಳಾದ ಮೇಲೆ ಐದು. ಒಮ್ಮೆ ಒಂಬತ್ತನೆಯದಕ್ಕೆ ಕೆಮ್ಮು ಬಂದು ವಾರ ಪೂರ್ತಿ ಹಿಂದೆ ಸರಿದರು. ಕಳೆದ ಸೋಮವಾರ ಹನ್ನೊಂದಾದವು. ಚಿಕ್ಕಕ್ಕ ಡಬ್ಬಿಗೆ ಕೈ ಹಾಕಿ ಕೊನೆಯದನ್ನು ತೆಗೆದರು. ಕಾಟಮ್ಮ ಗದ್ದ ಎದೆಗೆ ತಾಗಿಸಿ ನುಂಗಿದರು, ಇನ್ನೊಮ್ಮೆ ನುಂಗಿದರು. ಬಾಯಿ ತೆರೆದು ತೋರಿಸಿದರು. ಏನೂ ಉಳಿದಿರಲಿಲ್ಲ. ಚಿಕ್ಕಕ್ಕ ಪಾತ್ರೆ ತೊಳೆಯಲು ಎದ್ದು ಹೋಗಿ, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅತ್ತರಂತೆ.

“ನನ್ ಬಗ್ಗೆ ಬರೀಬ್ಯಾಡ್ರಿ, ಅವ್ಳ ಹೆಸ್ರು ಹಾಕ್ರಿ. ಅವ್ವ ಒಂದು ಸಲ ಉಣ್ಣಾಕೆ ಕಲ್ಸಿದ್ಲು, ಇವ್ಳು ಎರಡ್ನೇ ಸಲ ಕಲ್ಸಿದ್ಲು” ಎನ್ನುತ್ತಾರೆ ಕಾಟಮ್ಮ. ಚಿಕ್ಕಕ್ಕ ತಲೆ ಎತ್ತುವುದಿಲ್ಲ. “ನಾನೇನ್ ಮಾಡ್ದೆ? ಕುಂತು ಉಂಡೆ, ಅಷ್ಟೇಯ.”

ಕಾಟಮ್ಮನಿಗೆ ಇನ್ನೂ ಉಪ್ಪು ಸರಿಯಾಗಿ ತಿಳಿಯುವುದಿಲ್ಲ, ಖಾರ ತಾಗುವ ಹಾಗಿಲ್ಲ. ಅದಕ್ಕೆಲ್ಲ ಅವರಿಗೆ ದೂರಿಲ್ಲ. ಕಷ್ಟವಾಗಿದ್ದದ್ದು ಬೇರೆ. ಹೋಟೆಲಿಗೆ ಬಂದವರೆಲ್ಲ ಅಡುಗೆಯವಳನ್ನು ಕೇಳುವುದು ಒಂದೇ ಮಾತು, ಊಟ ಆಯ್ತಾ ಎಂದು. ಆ ಎರಡು ವರ್ಷ, ಕೆಲಸಕ್ಕೆ ಬಂದ ದಿನವೆಲ್ಲ ನೂರು ಸಲ ‘ಆಯ್ತು’ ಎಂದು ಸುಳ್ಳು ಹೇಳಿದ್ದಾರೆ.

ಸಂಜೆ, ರಾತ್ರಿಯೂಟದ ಮುದ್ದೆ ತಿರುವುವ ಹೊತ್ತು. ಮೊಳಕಾಲ್ಮೂರು ಬಸ್ಸಿನ ಡ್ರೈವರ್ ಎರ್ರಿಸ್ವಾಮಿ ಕೈ ತೊಳೆದು ಒಳಗೆ ಇಣುಕಿ ಕೇಳುತ್ತಾರೆ, “ಊಟ ಆಯ್ತೇನಕ್ಕಾ?”

ಕಾಟಮ್ಮ ಕೋಲು ನಿಲ್ಲಿಸಿ ತಿರುಗುತ್ತಾರೆ. “ಆಯ್ತಪ್ಪ. ಮುದ್ದೆ.”